ಅಪ್‌ಡೇಟ್: ಹಾಸ್ಟೆಲೋ ಅಪಾರ್ಟ್‌ಮೆಂಟೋ ಎಂಬ ಗೊಂದಲ ಬಗೆಹರಿಯಿತು

ಕ್ಯಾಂಪಸ್ಸಿನ ಹಾಸ್ಟೆಲಿನಲ್ಲಿ ಇಬ್ಬರ ಕೊಠಡಿ ತೆಗೆದುಕೊಳ್ಳಲೇ, ಅಥವಾ ಕ್ಯಾಂಪಸ್ಸಿನೊಳಗೇ ಇರುವ, ನಾಲ್ವರು ಹಂಚಿಕೊಳ್ಳುವ ಅಪಾರ್ಟ್‌ಮೆಂಟಿಗೆ ಹೋಗಲೇ ಎಂದು ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಮನಸಾರೆ ಧನ್ಯವಾದ. ಅಪಾರ್ಟ್‌ಮೆಂಟಿಗೇ ಬಂದಿದ್ದೇನೆ.

ಬಾಡಿಗೆಗಿಂತ ಮೊದಲು ಒಪ್ಪಂದದ ಅವಧಿ ನೋಡಿ ಎಂದು ನಿಮ್ಮಲ್ಲೊಬ್ಬರು ಹೇಳಿದ್ದೇ ನಿರ್ಣಾಯಕವಾಯಿತು. ಹಾಸ್ಟೆಲಿನ ಶುಲ್ಕ ಕಡಿಮೆ ಎನಿಸಿದರೂ ಅದರ ಜೊತೆ ಊಟದ ಶುಲ್ಕ ಕಡ್ಡಾಯ. ಮೇಲಾಗಿ ದೀರ್ಘ ರಜೆಯಲ್ಲಿ ಕೊಠಡಿ ಖಾಲಿ ಮಾಡಲೇಬೇಕು. ಅಪಾರ್ಟ್‌ಮೆಂಟಿನ ಒಪ್ಪಂದ ಪೂರ್ತಿ 12 ತಿಂಗಳದ್ದು. ರಜೆಯಲ್ಲೂ ಪ್ರಯೋಗಾಲಯದ ಕೆಲಸವಿರುವ ನನಗೆ ಇದೇ ಸರಿ. ರಜೆ ಬಂದೊಡನೆ ಮನೆಗೆ ಹೊರಡುವವರಿಗೆ ಆ ತಿಂಗಳುಗಳ ಬಾಡಿಗೆ ಶುದ್ಧ ದಂಡ. ಅಂಥವರಿಗೆ ಹಾಸ್ಟೆಲೇ ಮೇಲು.

ಕೀಲಿ ಕೈಗೆ ಬಂದ ದಿನವೇ ಕೋಣೆಯ ಸ್ಥಿತಿಯ ಪಟ್ಟಿ ತುಂಬಿದೆ. ಬೀರುವಿನ ಬಾಗಿಲಿನ ತಿರುಪು ಸಡಿಲವಾಗಿತ್ತು, ಮೇಜಿನ ಅಂಚಿನಲ್ಲಿ ಸುಟ್ಟ ಕಲೆಯಿತ್ತು. ಎರಡರ ಫೋಟೊವನ್ನೂ ವಸತಿ ಕಚೇರಿಗೆ ಇಮೇಲ್ ಮಾಡಿದೆ. ಠೇವಣಿ ಮರಳಿ ಪಡೆಯುವಾಗ ತಕರಾರು ಏಳಬಾರದಲ್ಲ. ಹೊಸದಾಗಿ ಸೇರುವವರು ದಯವಿಟ್ಟು ಇದನ್ನು ತಪ್ಪಿಸಬೇಡಿ.

ಪಾತ್ರೆ ತೊಳೆಯುವ ಸರದಿ ಇನ್ನೂ ಇತ್ಯರ್ಥವಾಗಿಲ್ಲ. ಸಹವಾಸಿಯೊಬ್ಬಳು ನಡುರಾತ್ರಿಯವರೆಗೆ ಓದುತ್ತಾಳೆ, ನಾನು ಬೇಗ ಮಲಗುವವಳು. ಆದರೆ ಬಾಗಿಲು ಹಾಕಿಕೊಂಡರೆ ಕೋಣೆ ಪೂರ್ತಿ ನನ್ನದು. ಅದಕ್ಕಾಗಿ ಇಷ್ಟು ಹೊಂದಾಣಿಕೆ ನನಗೆ ಭಾರವಲ್ಲ. ಮುಂದಿನ ವರ್ಷದ ನವೀಕರಣಕ್ಕೆ ಈ ಸೆಮಿಸ್ಟರಿನಲ್ಲೇ ಅರ್ಜಿ ಕರೆಯುತ್ತಾರೆ, ಖಂಡಿತ ಹಾಕುತ್ತೇನೆ.