ಬಾಡಿಗೆ ಮನೆ ನಲ್ಲೀಲಿ ಶಾಕ್, ರಿಪೇರಿ ಯಾರದು?

ಮಹಡಿಮನೆ: ಮೈಸೂರಲ್ಲಿ ಅಪ್ಪ 1994ರಲ್ಲಿ ಕಟ್ಟಿಸಿದ ಮನೆ. ಮಹಡಿ ಬಾಡಿಗೆಗೆ ಕೊಟ್ಟಿದ್ದೀನಿ. ಬಚ್ಚಲಮನೆ ನಲ್ಲಿ ಮುಟ್ಟಿದ್ರೆ ಜುಮ್ ಅನ್ನತ್ತೆ ಅಂತ ಮೇಲಿನ ಮನೆಯಮ್ಮ ಹೇಳಿದ್ರು. ಟೆಸ್ಟರ್ ಇಟ್ಟೆ, ದೀಪ ಹತ್ತೇಬಿಡ್ತು! ಗೀಸರ್ ಅವರದು, ವೈರಿಂಗ್ ನಮ್ದು. ಯಾರು ಮಾಡಿಸಬೇಕು?

ಹಳೇವೈರ್‌ಮನ್: ಲೆಕ್ಕ ಆಮೇಲೆ ಸ್ವಾಮಿ, ಮೊದಲು ಮೇನ್ ಬೋರ್ಡಲ್ಲಿ ಗೀಸರ್ ಎಂಸಿಬಿ (ತಾನಾಗೇ ಬೀಳೋ ಸ್ವಿಚ್ಚು) ಇಳಿಸಿ. ಗೀಸರ್ ಒಳಗೆ ನೀರು ಕಾಯಿಸೋ ಎಲಿಮೆಂಟ್ ಹೋಗಿರಬಹುದು. ಆದ್ರೆ ಸೋರಿದ ಕರೆಂಟನ್ನ ನೆಲಕ್ಕಿಳಿಸೋ ಅರ್ಥಿಂಗ್ ನೆಟ್ಟಗಿದ್ದಿದ್ರೆ ನಲ್ಲಿವರೆಗೂ ಬರ್ತಿರಲಿಲ್ಲ. ಲೈಸೆನ್ಸ್ ಇರೋ ಎಲೆಕ್ಟ್ರಿಷಿಯನ್‌ನ ಕರೆಸಿ. 30 ಮಿಲಿಆಂಪಿಯರ್ ಆರ್‌ಸಿಸಿಬಿ ಹಾಕಿಸಿ, ಕರೆಂಟ್ ಸೋರಿದ್ರೆ ತಕ್ಷಣ ಲೈನ್ ಕಡಿಯೋ ಸ್ವಿಚ್ಚು ಅದು. ಎಂಸಿಬಿ ಇದೆಯಲ್ಲಾ ಅಂತಾರೆ ಎಲ್ರೂ. ಎಂಸಿಬಿ ಇರೋದು ಓವರ್‌ಲೋಡ್‌ಗೆ, ಶಾರ್ಟ್‌ಗೆ. ಮನುಷ್ಯನ ಮೈಯಲ್ಲಿ ಹರಿಯೋ ಕರೆಂಟ್ ಅದಕ್ಕೆ ಗೊತ್ತೇ ಆಗಲ್ಲ.

ಬಾಡಿಗೆಪಾಡು: ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆ ಪ್ರಕಾರ ವೈರಿಂಗ್ ಮಾಲೀಕರದು, ಗೀಸರ್, ಸ್ವಿಚ್ಚು, ಸಾಕೆಟ್ ರಿಪೇರಿ ನಮ್ಮಂಥ ಬಾಡಿಗೆದಾರರದು. ಅದು ಬರೀ ಮಾದರಿ, ತಾನಾಗೇ ಜಾರಿಗೆ ಬರಲ್ಲ, ಹಾಗಾಗಿ ಅಗ್ರಿಮೆಂಟಲ್ಲೇ ಬರೆಸಿಕೊಳ್ಳಿ. ನಮ್ಮ ಓನರ್ ಅಂತೂ "ಚಪ್ಪಲಿ ಹಾಕ್ಕೊಂಡು ಸ್ನಾನ ಮಾಡಿ" ಅಂದಿದ್ರು.

ಮಹಡಿಮನೆ: ಗೀಸರ್ ಸಾಕೆಟ್ ಬಿಚ್ಚಿಸಿದೆ. ಅರ್ಥಿಂಗ್‌ನ ಹಸಿರು ವೈರನ್ನ ಸುರುಳಿ ಸುತ್ತಿ, ಟೇಪ್ ಹಾಕಿ ಹಿಂದೆ ತುರುಕಿದ್ದಾರೆ. ಇಷ್ಟು ವರ್ಷ ಹಂಗೇ ಇತ್ತು! ಅರ್ಥಿಂಗ್ ಗುಂಡಿ ಹುಡುಕಿದ್ರೆ ಅದರ ಮೇಲೆ ನಾವೇ ಕಾರ್ ನಿಲ್ಲಿಸೋಕೆ ಕಾಂಕ್ರೀಟ್ ಹಾಕಿಸಿದ್ದೀವಿ. ನಾಳೆ ಒಡೆಸ್ತೀನಿ, ಖರ್ಚು ನಂದೇ. ಗೀಸರ್ ಅವರು ರಿಪೇರಿಗೆ ಕೊಟ್ಟಿದ್ದಾರೆ. ಅಲ್ಲೀವರೆಗೆ ನಮ್ಮ ಸೋಲಾರ್‌ನಿಂದ ಬಕೆಟ್ ಹೊತ್ಕೊಂಡು ಹೋಗ್ತಿದ್ದಾರೆ, ಪಾಪ.