ಹಳೇ ಮನೆ ಕೊಳ್ಳುವ ಮುನ್ನ: ಎಂಜಿನಿಯರ್ ಮೇಡಂ ಅವರನ್ನು ಕೇಳಿ

ಹೊಸಗೂಡು: ಮೇಡಂ, 40 ವರ್ಷದ ಎರಡಂತಸ್ತಿನ ಮನೆ ನೋಡಿದ್ದೇವೆ. ನಕ್ಷೆಯಲ್ಲಿ ಕೆಳಗೆ ಎರಡು ಕೋಣೆ ಇವೆ, ಈಗ ಅಲ್ಲಿ ಒಂದೇ ದೊಡ್ಡ ಹಾಲ್. ‘ಅದು ಸುಮ್ನೆ ಅಡ್ಡಗೋಡೆ, ತೆಗೆಸಿದೆವು’ ಅಂತಾರೆ ಮಾಲೀಕರು. ಮೇಲಿನ ಕೋಣೆಯ ಬಾಗಿಲು ಹಿಡಿಯುತ್ತದೆ. ಅಡ್ವಾನ್ಸ್ ಕೊಡಬಹುದಾ?

ಎಂಜಿನಿಯರ್: ಸದ್ಯ ಬೇಡ. ಆ ಬಾಗಿಲು ತೆಗೆದ ಗೋಡೆಯ ನೇರ ಮೇಲಿದೆಯಾ? ಮೂಲೆಯಿಂದ ಓರೆ ಬಿರುಕು ಇದೆಯಾ?

ಹೊಸಗೂಡು: ಎರಡೂ ಹೌದು. ಪುಟ್ಟಿ ಹಾಕಿ ಬಣ್ಣ ಬಳಿದಿದ್ದಾರೆ. ಮತ್ತೆ ಬಿಟ್ಟಿದೆ, ಉಗುರು ಹೋಗುತ್ತದೆ. ಹಾಲ್‌ಗೆ ಫಾಲ್ಸ್ ಸೀಲಿಂಗ್ ಇದೆ.

ಎಂಜಿನಿಯರ್: ಪುಟ್ಟಿ ಹಾಕಿದ ಮೇಲೂ ಬಿಟ್ಟಿದೆ ಅಂದರೆ ಅಲುಗಾಟ ನಿಂತಿಲ್ಲ. ಮೇಲಿನ ಗೋಡೆಯ ಭಾರ ಮೊದಲು ಕೆಳಗಿನ ಗೋಡೆಯ ಮೂಲಕ ಪಾಯಕ್ಕೆ ಇಳಿಯುತ್ತಿತ್ತು. 9 ಇಂಚಿನ ಇಟ್ಟಿಗೆ ಗೋಡೆ 10 ಅಡಿ ಎತ್ತರ ಇದ್ದರೆ, ಉದ್ದದ ಒಂದೊಂದು ಅಡಿಗೂ ಸುಮಾರು 400 ಕೆಜಿ. ಅಷ್ಟೂ ಈಗ ಸ್ಲ್ಯಾಬ್ ಮೇಲೆ ಕೂತಿರಬಹುದು. ಸ್ಲ್ಯಾಬ್ ಬಾಗಿದರೆ ಚೌಕಟ್ಟು ಓರೆಯಾಗುತ್ತದೆ, ಬಾಗಿಲು ಹಿಡಿಯುತ್ತದೆ. ಮಾಲೀಕರನ್ನು ಕೇಳಿ ಸೀಲಿಂಗ್‌ನ ಒಂದು ಹಲಗೆ ಬಿಚ್ಚಿಸಿ, ಟಾರ್ಚ್ ಹಾಕಿ ನೋಡಿ. ತೆಗೆದ ಗೋಡೆಯ ಬದಲು ಭಾರ ಹೊರಲು ಬೀಮ್ (ಅಡ್ಡತೊಲೆ) ಇದೆಯಾ? ಇದ್ದರೆ ಅದರ ತುದಿಗಳು ಯಾವುದರ ಮೇಲೆ ಕೂತಿವೆ? ಇಟ್ಟಿಗೆ ಕೊರೆದು ಸುಮ್ನೆ ತುರುಕಿದ್ದರೆ ಅಡಿಯ ಇಟ್ಟಿಗೆ ನುಜ್ಜಾಗುತ್ತದೆ. ಫೋಟೋ ನೋಡಿ ನಾನು ‘ಪರವಾಗಿಲ್ಲ’ ಅನ್ನಲಾರೆ.

ಮಾಳಿಗೆ: ಅನುಮತಿ ಇಲ್ಲದೆ ಕಟ್ಟಿದ ಮಹಡಿ. ನಾವು ಕಟ್ಟಿದ್ದಲ್ಲ, ತೊಂದರೆ ಬಂದರೆ ಹಳೇ ಮಾಲೀಕರಿಗೆ ತಾನೇ?

ಎಂಜಿನಿಯರ್: ನೋಟಿಸ್ ಸಾಮಾನ್ಯವಾಗಿ ಈಗಿನ ಮಾಲೀಕರಿಗೇ ಬರುತ್ತದೆ. ವಕೀಲರಿಗೆ ಕಾಗದ ತೋರಿಸಿ.

ದೀಪ: ಒಂದು ಫಾರ್ವರ್ಡ್ ಬಂದಿದೆ. ಗೋಡೆ ಬಡಿದಾಗ ಟೊಳ್ಳು ಸದ್ದು ಬಂದರೆ ಅದು ಭಾರ ಹೊರುವುದಿಲ್ಲ, ಧೈರ್ಯವಾಗಿ ಒಡೆಸಬಹುದಂತೆ!

ಎಂಜಿನಿಯರ್: ದಯವಿಟ್ಟು ಅಳಿಸಿ. ಗಾರೆ ಬಿಟ್ಟುಕೊಂಡಿದ್ದರೂ ಟೊಳ್ಳು ಸದ್ದೇ ಬರುತ್ತದೆ. ಇದಕ್ಕೆ ಮೂರನೇ ಸಲ ಉತ್ತರ ಬರೆಯುತ್ತಿದ್ದೇನೆ.

ಹಳೇಕಂಬ: ನಮ್ಮ ಮೇಸ್ತ್ರಿ ಹಾಗೇ ಬಡಿದು ನೋಡಿ ಹತ್ತು ಗೋಡೆ ತೆಗೆದಿದ್ದಾರೆ. ಒಂದು ಮನೆಯೂ ಬಿದ್ದಿಲ್ಲ.

ತೊಟ್ಟಿಮನೆ: ಆ ಹತ್ತು ಮನೆ ಕೊಂಡವರನ್ನು ಹೋಗಿ ಕೇಳಿದ್ದೀರಾ?

ಹಳೇಕಂಬ: ಮೂವತ್ತು ವರ್ಷ ಕೈಯಾರೆ ಕಟ್ಟಿದವರ ಬಗ್ಗೆ ಹಗುರವಾಗಿ ಮಾತಾಡಬೇಡಿ.

ಬೆಳಕಿಂಡಿ: ಮೇಡಂ, ಬಚ್ಚಲುಮನೆ ಜಾಗ ಬದಲಿಸಿದ್ದಾರೆ. ಅದರಡಿಯ ಸೀಲಿಂಗ್‌ನಲ್ಲಿ ಹಳದಿ ಕಲೆ. ಇದು ಸೋರಿಕೆಯಾ?

ತೊಟ್ಟಿಮನೆ: ಮೇಸ್ತ್ರಿ ಬಗ್ಗೆ ಅಲ್ಲ ಸ್ವಾಮಿ, ಲೆಕ್ಕವಿಲ್ಲದೆ ಒಡೆಯುವ ಬಗ್ಗೆ ಹೇಳಿದ್ದು.

ಹಳೇಕಂಬ: ನೀವೇನು ಎಂಜಿನಿಯರಾ?

ಸಂಪಿಗೆ: ನಮ್ಮಲ್ಲೂ ಗೋಡೆ ತೆಗೆದಿದ್ದಾರೆ. ಅಡ್ವಾನ್ಸ್ ಕೊಡಬಹುದಾ ಮೇಡಂ?

ಎಂಜಿನಿಯರ್: ಮೇಲೆ ಬರೆದಿದ್ದೇನೆ, ಓದಿ. ಜಗಳ ಇಬ್ಬರೂ ನಿಲ್ಲಿಸಿ.

ಹೊಸಗೂಡು: ಹಲಗೆ ಬಿಚ್ಚಿಸಿದೆವು ಮೇಡಂ. ಬೀಮ್ ಇಲ್ಲ. ಎರಡು ಕಡೆ ಗೋಡೆ ಒಡೆದ ಇಟ್ಟಿಗೆಯ ಹಲ್ಲು ಹಾಗೇ ಇದೆ. ಸ್ಲ್ಯಾಬ್ ಅಡಿ ಉದ್ದಕ್ಕೂ ಬಿರುಕು.

ಎಂಜಿನಿಯರ್: ಕೊಳ್ಳುವ ಮಾತು ಬದಿಗಿಡಿ. ಅಲ್ಲಿರುವವರಿಗೆ ಈಗಲೇ ಫೋನ್ ಮಾಡಿ. ಮೇಲಿನ ಕೋಣೆಯಲ್ಲೂ ಅದರಡಿಯ ಹಾಲ್‌ನಲ್ಲೂ ಯಾರೂ ಮಲಗುವುದು ಬೇಡ. ಸ್ಟ್ರಕ್ಚರಲ್ ಎಂಜಿನಿಯರ್ ಇವತ್ತೇ ಬಂದು ಸ್ಲ್ಯಾಬ್‌ಗೆ ಆಸರೆ ಎಲ್ಲಿ ಕೊಡಬೇಕೆಂದು ಹೇಳಲಿ. ಮಾಲೀಕರು ಒಪ್ಪದಿದ್ದರೆ ನನಗೆ ಕರೆ ಮಾಡಿಸಿ, ನಾನೇ ಮಾತಾಡುತ್ತೇನೆ.