ಸಹಾಯ ಬೇಕು: ಸೋಮವಾರ ಅಮ್ಮನಿಗೆ ಮೊದಲ ಕೀಮೋ
ಎಲ್ಲರಿಗೂ ನಮಸ್ಕಾರ. ನಾವು ಮಂಡ್ಯದವರು. ಅಮ್ಮನಿಗೆ ಸ್ತನ ಕ್ಯಾನ್ಸರ್. ಸೋಮವಾರ ಮೈಸೂರಿನಲ್ಲಿ ಕೀಮೋ ಆರಂಭ. 21 ದಿನಕ್ಕೊಮ್ಮೆಯಂತೆ ಆರು ಬಾರಿ. ಜ್ವರ 100.4 ಡಿಗ್ರಿ ಮುಟ್ಟಿದರೆ ನಡುರಾತ್ರಿಯಾದರೂ ಕಾಯದೆ ಕರೆತರಬೇಕೆಂದಿದ್ದಾರೆ, ಥರ್ಮಾಮೀಟರ್ ತಂದಿಟ್ಟಿದ್ದೇನೆ. ಮರಳುವಾಗ ಬಸ್ಸಿನಲ್ಲಿ ಕೂರಲು ಸಾಧ್ಯವೇ, ಕಾರು ಮಾಡಿಕೊಳ್ಳಲೇ? ಬಾಯಿ ಹುಣ್ಣಾದಾಗ ರಾಗಿ ಗಂಜಿ ಬಿಟ್ಟು ನಿಮಗೇನು ಸೇರಿತು?

ಅಮ್ಮನಿಗೆ ಸೂಜಿಯ ಭಯವಿಲ್ಲ, ಕೂದಲಿನದೇ ಚಿಂತೆ. ನಿನ್ನೆ ಮಲ್ಲಿಗೆ ಮುಡಿದು, ಜಡೆಯನ್ನು ಎದೆಯ ಮೇಲೆ ಎಳೆದುಕೊಂಡು ಕನ್ನಡಿಯ ಮುಂದೆ ಬಹಳ ಹೊತ್ತು ನಿಂತಿದ್ದರು. ನನಗೆ ಮಾತೇ ಹೊರಡಲಿಲ್ಲ. ಉದುರುವ ಮೊದಲೇ ಕತ್ತರಿಸಿಕೊಂಡರೆ ಮನಸ್ಸಿಗೆ ಹಗುರವೇ? ನನ್ನ ಸಮಾಧಾನದ ಮಾತು ಅವರಿಗೆ ನಾಟುತ್ತಿಲ್ಲ. ಈ ಚಿಕಿತ್ಸೆ ಮುಗಿಸಿದ ಅಕ್ಕಂದಿರು ಯಾರಾದರೂ ಭಾನುವಾರದೊಳಗೆ ಹತ್ತು ನಿಮಿಷ ಅಮ್ಮನೊಂದಿಗೆ ಫೋನಿನಲ್ಲಿ ಮಾತನಾಡುವಿರಾ?